ಹಾಲೆಂಡ್ 1 ಮಾಡೆಲ್: ಇಳಿಯುವಾಗ ಮೂಗು ಕೆಳಗೆ ಮಾಡಿ ನೇರ ತಳಕ್ಕೆ ಹೋಗುತ್ತಿದೆ

ಕೃಷಿಹೊಂಡ:
ಎಲ್ಲರಿಗೂ ನಮಸ್ಕಾರ. ಬ್ರಿಟಿಷ್ ನೌಕಾಪಡೆಯ ಮೊದಲ ಸಬ್‌ಮರೀನ್ ಹಾಲೆಂಡ್ 1 ಮಾಡೆಲ್ ಕಟ್ಟಿದ್ದೇನೆ. ಅಳತೆ 1:24, ಉದ್ದ 81 ಸೆಂ.ಮೀ., ರಿಮೋಟಿನಲ್ಲಿ ಓಡುತ್ತದೆ. ಒಳಗೆ ಮುಕ್ಕಾಲು ಲೀಟರಿನ ಬ್ಯಾಲಸ್ಟ್ ಟ್ಯಾಂಕ್ (ಬೋಟಿನ ಭಾರ ಹೆಚ್ಚಿಸಲು ನೀರು ತುಂಬುವ ಟ್ಯಾಂಕ್) ಇದೆ. ಲಿಥಿಯಂ ಬ್ಯಾಟರಿಯನ್ನು ಟ್ಯಾಂಕಿನ ಮೇಲೆ ಕಟ್ಟಿದ್ದೇನೆ. ಓಡಿಸುವುದು ನಮ್ಮ ತೋಟದ ಕೃಷಿ ಹೊಂಡದಲ್ಲಿ.

ನೀರಿನ ಮೇಲೆ ಚೆನ್ನಾಗಿ ಓಡುತ್ತದೆ. ಟ್ಯಾಂಕಿಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ನೀರು ಬಿಟ್ಟು ಹಿಂಬದಿ ರೆಕ್ಕೆ ಚೂರು ತಿರುಗಿಸಿದರೆ ಸಾಕು, ಮೂಗು ಕೆಳಗೆ ಮಾಡಿ ತಳಕ್ಕೆ ಹೋಗಿ ಕೂರುತ್ತದೆ. ರೆಕ್ಕೆ ಎತ್ತಿದರೆ ಮೂಗು ಮೇಲೆ ಮಾಡಿ ಚಿಮ್ಮಿಕೊಂಡು ಬರುತ್ತದೆ. ನಡುವೆ ಒಂದೇ ಆಳದಲ್ಲಿ ನಿಲ್ಲುವುದೇ ಇಲ್ಲ. ಆಳಕ್ಕೆ ಹೋದಾಗ 2.4 ಗಿಗಾಹರ್ಟ್ಸ್ ರಿಮೋಟಿನ ಮಾತನ್ನೂ ಕೇಳುವುದಿಲ್ಲ. ಮುಂದೆ ಇನ್ನೊಂದು ಜೊತೆ ರೆಕ್ಕೆ ಹಾಕಬೇಕಾ?

ಸೀಸದಗುಂಡು:
ರಿಮೋಟ್ ವಿಷಯ ಮೊದಲು ಮುಗಿಸಿಬಿಡೋಣ. 2.4 ಗಿಗಾಹರ್ಟ್ಸ್ ಸಿಗ್ನಲ್ ನೀರಿನೊಳಗೆ ಹೋಗುವುದಿಲ್ಲ. ಹಳೆಯ ಕಾಲದ ಮೆಗಾಹರ್ಟ್ಸ್ ಸೆಟ್ ಹುಡುಕಿ, 27 ಅಥವಾ 40ರದ್ದು. ಉಪ್ಪಿಲ್ಲದ ನೀರಿನಲ್ಲಿ ಅದು ಕೆಲಸ ಮಾಡುತ್ತದೆ. ಸಿಗ್ನಲ್ ಹೋದರೆ ಟ್ಯಾಂಕ್ ತಾನಾಗಿ ಖಾಲಿ ಆಗುವ ಹಾಗೆ ಫೇಲ್‌ಸೇಫ್ ಇಡಿ.

ನಿಜವಾದ ತೊಂದರೆ ಟ್ಯಾಂಕಿನಲ್ಲಿದೆ. ಅರ್ಧ ತುಂಬಿದ ಟ್ಯಾಂಕ್ ಅಂದರೆ ತಟ್ಟೆಯಲ್ಲಿ ನೀರು ಹಿಡಿದು ನಡೆದ ಹಾಗೆ. ಮೂಗು ಚೂರು ಬಾಗಿದರೂ ಒಳಗಿನ ನೀರೆಲ್ಲ ಮುಂದಕ್ಕೆ ಓಡುತ್ತದೆ, ಮೂಗು ಇನ್ನೂ ಬಾಗುತ್ತದೆ. ಆಮೇಲೆ ಹಿಂಬದಿ ರೆಕ್ಕೆ ಎಷ್ಟು ಎತ್ತಿದರೂ ತಡ ಆಗಿರುತ್ತದೆ.

ಈ ಬೋಟಿನ ಮೂಲ ವಿನ್ಯಾಸ ಮಾಡಿದ ಜಾನ್ ಫಿಲಿಪ್ ಹಾಲೆಂಡ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಅವರ ಲೆಕ್ಕದಲ್ಲಿ ಇಳಿಯುವ ಮೊದಲೇ ಮುಖ್ಯ ಟ್ಯಾಂಕ್ ಪೂರ್ತಿ ತುಂಬಿರಬೇಕು. ಆಗಲೂ ಬೋಟು ಮುಳುಗಬಾರದು, ಸ್ವಲ್ಪವೇ ಸ್ವಲ್ಪ ತೇಲುತ್ತಿರಬೇಕು. ಅದನ್ನು ಕೆಳಗೆ ಇಳಿಸುವುದು ಮೋಟಾರಿನ ವೇಗ ಮತ್ತು ಹಿಂಬದಿ ರೆಕ್ಕೆ. ಮೋಟಾರ್ ನಿಂತರೆ ಬೋಟು ತಾನಾಗಿ ಮೇಲೆ ಬರುತ್ತದೆ. ನೀವು ನೀರು ತುಂಬಿಸಿ ಮುಳುಗಿಸಲು ನೋಡುತ್ತಿದ್ದೀರಿ. ಇದು ಓಡಿಸಿ ಇಳಿಸಬೇಕಾದ ಬೋಟು.

ಹೀಗೆ ಮಾಡಿ. ಟ್ಯಾಂಕ್ ಪೂರ್ತಿ ತುಂಬಿಸಿ, ಒಂದು ಗುಳ್ಳೆ ಗಾಳಿಯೂ ಬೇಡ. ಆಗ ಗೋಪುರದ (ಬೋಟಿನ ಬೆನ್ನ ಮೇಲೆ ಎದ್ದಿರುವ, ಹತ್ತಿ ಇಳಿಯುವ ಕೊಳವೆ) ತುದಿ ಬೆರಳಗಲ ನೀರಿನ ಮೇಲೆ ಕಾಣಬೇಕು. ಮುಳುಗಿದರೆ ಸೀಸ ತೆಗೆಯಿರಿ, ಜಾಸ್ತಿ ತೇಲಿದರೆ ಸೇರಿಸಿ. ಮೈ ಮಟ್ಟವಾಗಿ ಕೂತಿದೆಯಾ ಅಂತ ಪಕ್ಕದಿಂದ ನೋಡಿ. ಆಮೇಲೇ ಮೋಟಾರ್.

ಹಿತ್ತಾಳೆತಿರುಪು:
ಸೀಸದಗುಂಡು ಸರ್ ಹೇಳಿದ್ದು ಸರಿ. ನಾನು ಬ್ಯಾಟರಿ ಬಗ್ಗೆ ಹೇಳುತ್ತೇನೆ. ನಿಜವಾದ ಹಾಲೆಂಡ್ 1ರಲ್ಲಿ 60 ಸೆಲ್‌ಗಳ ಬ್ಯಾಟರಿ ಇತ್ತು. ಭಾರವೆಲ್ಲ ತಗ್ಗಿನಲ್ಲೇ ಇರುವ ಹಾಗೆ ಅದನ್ನು ಕೆಳಗಡೆ ಕೂರಿಸಿದ್ದರು. ಮೂಗು ಬಾಗಿದಾಗ ಬೋಟನ್ನು ಮತ್ತೆ ಮಟ್ಟಕ್ಕೆ ಎಳೆಯುವುದು ಆ ಭಾರವೇ. ನಿಮ್ಮ ಲಿಥಿಯಂ ಹಗುರ, ಅದೂ ಟ್ಯಾಂಕಿನ ಮೇಲೆ. ಎಳೆದು ನಿಲ್ಲಿಸುವವರು ಯಾರು?

ನಿಜವಾದ ಬೋಟು ಮುಳುಗಿದಾಗ ಸುಮಾರು 122 ಟನ್. ಉದ್ದ, ಅಗಲ, ಎತ್ತರ ಮೂರನ್ನೂ 1:24ಕ್ಕೆ ಇಳಿಸಿ ಲೆಕ್ಕ ಹಾಕಿದರೆ ನಿಮ್ಮ ಮಾಡೆಲ್ ಸುಮಾರು 9 ಕೆಜಿ ಬರಬೇಕು. ಅಂದರೆ ಸೀಸಕ್ಕೆ ಬೇಕಾದಷ್ಟು ಜಾಗ ಇದೆ. ಬ್ಯಾಟರಿ ತೆಗೆದು ತಳಕ್ಕೆ ಹಾಕಿ. ಸೀಸದ ಪಟ್ಟಿಗಳನ್ನು ಕೀಲ್ (ತಳದ ನಡು ಗೆರೆ) ಉದ್ದಕ್ಕೂ ಅಂಟಿಸಿ, ತೇಲಿಸುವ ಫೋಮ್ ಆದಷ್ಟು ಮೇಲೆ ಇರಲಿ.

ಮುಂದಿನ ರೆಕ್ಕೆ ಬಗ್ಗೆ: ಹಾಲೆಂಡ್ 1ಕ್ಕೆ ಹಿಂದೆ ಮಾತ್ರ ಇದ್ದದ್ದು. ಆದರೆ ನಿಮಗಾದ ತೊಂದರೆ ಆ ನಾವಿಕರಿಗೂ ಆಗಿತ್ತು, ಒಂದೇ ಆಳದಲ್ಲಿ ನಿಲ್ಲಿಸುವುದು ಕಷ್ಟವಿತ್ತು. ಅದಕ್ಕೇ ಆಮೇಲೆ ಬಂದ ಬಿ-ಕ್ಲಾಸ್ ಸಬ್‌ಮರೀನ್ ಬೋಟುಗಳ ಗೋಪುರಕ್ಕೆ ಇನ್ನೊಂದು ಜೊತೆ ರೆಕ್ಕೆ ಹಾಕಿದರು. ಅದೇ ಕ್ಲಾಸಿನ ಬಿ11 1914ರ ಡಿಸೆಂಬರ್ 13ರಂದು ಡಾರ್ಡನೆಲ್ಸ್ ಜಲಸಂಧಿಯಲ್ಲಿ ಮೈನ್‌ಗಳ (ನೀರಿನಲ್ಲಿಟ್ಟ ಬಾಂಬ್) ಸಾಲುಗಳ ಅಡಿಯಲ್ಲಿ ನುಗ್ಗಿ ತುರ್ಕಿಯ ಮೆಸೂದಿಯೆ ಯುದ್ಧನೌಕೆಯನ್ನು ಮುಳುಗಿಸಿತು. ಕಮಾಂಡರ್ ಆಗಿದ್ದ ನಾರ್ಮನ್ ಹಾಲ್‌ಬ್ರೂಕ್‌ಗೆ ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ಅಂಥ ಕಡೆ ಆಳ ತಪ್ಪಿದರೆ ಗತಿ ಏನು ಅಂತ ಯೋಚಿಸಿ.

ನಿಮ್ಮ ಮಾಡೆಲಿಗೆ ಮುಂದಿನ ರೆಕ್ಕೆ ದಯವಿಟ್ಟು ಬೇಡ, ಆ ಬೋಟಿನ ಚಹರೆಯೇ ಕೆಟ್ಟುಹೋಗುತ್ತದೆ. ಹಿಂಬದಿ ರೆಕ್ಕೆಗೆ ಪಾರದರ್ಶಕ ಅಕ್ರಿಲಿಕ್ ಹಾಳೆ ಅಂಟಿಸಿ ಸ್ವಲ್ಪ ದೊಡ್ಡದು ಮಾಡಿ. ನೀರಿನಲ್ಲಿ ಕಾಣುವುದಿಲ್ಲ.

ಸೊಲೆಂಟ್‌ಕನ್ನಡಿಗ:
ನಾನಿರುವುದು ಇಂಗ್ಲೆಂಡಿನ ಪೋರ್ಟ್ಸ್‌ಮತ್ ಕಡೆ. ನಿಮ್ಮ ಮಾಡೆಲಿನ ಮೂಲ ಬೋಟು ಇಲ್ಲೇ ಗಾಸ್ಪೋರ್ಟ್‌ನ ಮ್ಯೂಸಿಯಂನಲ್ಲಿದೆ. 1901ರ ಅಕ್ಟೋಬರ್ 2ರಂದು ಬ್ಯಾರೊದಲ್ಲಿ ನೀರಿಗಿಳಿದದ್ದು. 1913ರಲ್ಲಿ ಗುಜರಿಗೆ ಎಳೆದೊಯ್ಯುವಾಗ ಎಡ್ಡಿಸ್ಟೋನ್ ದೀಪಸ್ತಂಭದ ಹತ್ತಿರ ಮುಳುಗಿತು. 1982ರಲ್ಲಿ ಮೇಲೆತ್ತಿದರು. ಬಾಗಿಲು ಕೊಯ್ದಿದ್ದಾರೆ, ಒಳಗೆ ಹೋಗಬಹುದು. ಎಂಟು ಜನರಿಗೆ ಒಂದೇ ಕೋಣೆ, ನಡುವೆ ಗೋಡೆಯೇ ಇಲ್ಲ. ಅದೇ ಗಾಳಿಯಲ್ಲಿ ಪೆಟ್ರೋಲ್ ಇಂಜಿನ್ನೂ. ಹೊರಮೈ ತುಂಬ ತುಕ್ಕು ತಿಂದ ಗುಳಿಗಳು. ಬಣ್ಣ ಬಳಿಯುವಾಗ ಅವನ್ನು ಮಾಡಬೇಡಿ, ಅವು ಸಮುದ್ರದ ತಳದಲ್ಲಿ ಆದದ್ದು. ಸೇವೆಯಲ್ಲಿದ್ದಾಗ ಮೈ ನಯವಾಗಿತ್ತು.

ಕೃಷಿಹೊಂಡ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬ್ಯಾಟರಿ ಕೆಳಗಿಳಿಸಿ, ಸೀಸ ಹಾಕಿ, ಟ್ಯಾಂಕ್ ಪೂರ್ತಿ ತುಂಬಿಸಿ ಬಿಟ್ಟೆ. ನಿಧಾನವಾಗಿ ನಡೆಯುವ ವೇಗದಲ್ಲಿ ಈಗ ಗೋಪುರ ಮುಳುಗಿಸಿಕೊಂಡು ಹೊಂಡದ ಆ ತುದಿಯವರೆಗೆ ಹೋಗುತ್ತದೆ. ಮೋಟಾರ್ ನಿಲ್ಲಿಸಿದರೆ ತಾನೇ ಎದ್ದು ಬರುತ್ತದೆ! ವೇಗ ಜಾಸ್ತಿ ಮಾಡಿದರೆ ಮಾತ್ರ ಇನ್ನೂ ಮೇಲೆ ಕೆಳಗೆ ಕುಣಿಯುತ್ತದೆ. ಮುಂದಿನದು ಹಾಲೆಂಡ್ ಬೋಟುಗಳ ನಂತರ ಬಂದ ಎ-ಕ್ಲಾಸ್ ಸಬ್‌ಮರೀನ್ ಕಟ್ಟುವ ಆಸೆ.

ಸೀಸದಗುಂಡು:
ಕುಣಿತಕ್ಕೆ ಮದ್ದು ಆಟೋ ಲೆವೆಲರ್, ಅಂದರೆ ಬೋಟು ಬಾಗಿದರೆ ತಾನೇ ರೆಕ್ಕೆ ತಿರುಗಿಸಿ ಮಟ್ಟ ಮಾಡುವ ಸಾಧನ. ರಿಸೀವರ್ ಮತ್ತು ರೆಕ್ಕೆ ತಿರುಗಿಸುವ ಸರ್ವೋ ಮೋಟಾರ್ ನಡುವೆ ಹಾಕಿ. ಚಿಕ್ಕ ಮಾಡೆಲ್ ನಿಜವಾದ ಬೋಟಿಗಿಂತ ಬೇಗ ಬಾಗುತ್ತದೆ, ನಮ್ಮ ಬೆರಳಿಗೆ ಅಷ್ಟು ಚುರುಕಿಲ್ಲ. ಲೆವೆಲರಿನ ಗೇನ್ (ಎಷ್ಟು ಜೋರಾಗಿ ತಿದ್ದಬೇಕು ಅನ್ನುವ ಸೆಟ್ಟಿಂಗ್) ಕಡಿಮೆಯಿಂದ ಶುರುಮಾಡಿ, ಜಾಸ್ತಿ ಇಟ್ಟರೆ ಅದೇ ನಡುಗಿಸುತ್ತದೆ.

ಎ-ಕ್ಲಾಸ್ ಕಟ್ಟಿದರೆ ಗೋಪುರದ ಮುಚ್ಚಳದ ಕಡೆ ಗಮನ ಇರಲಿ. ಆ ಕ್ಲಾಸಿನ ಎ1 1904ರ ಮಾರ್ಚ್ 18ರಂದು ಬರ್ವಿಕ್ ಕ್ಯಾಸಲ್ ಹಡಗು ಬಡಿದು ಮುಳುಗಿತು, ಒಳಗಿದ್ದ ಹನ್ನೊಂದೂ ಜನ ಹೋದರು. ಆಮೇಲೆ ಗೋಪುರದ ಬುಡದಲ್ಲೂ ನೀರು ಬಿಡದ ಇನ್ನೊಂದು ಮುಚ್ಚಳ ಕಡ್ಡಾಯವಾಯಿತು. ಮರುವರ್ಷ ಜೂನ್ 8ರಂದು ಎ8 ಪ್ಲಿಮತ್ ಬಳಿ ಮುಚ್ಚಳ ತೆರೆದುಕೊಂಡು ನೀರಿನ ಮೇಲೆ ಓಡುತ್ತಿದ್ದಾಗಲೇ ಮೂಗು ಮುಳುಗಿ ಕೆಳಗೆ ಹೋಯಿತು. 15 ಜನ ಸತ್ತರು. ಆ ಬೋಟುಗಳಿಗೆ ಮೇಲಿದ್ದಾಗಲೂ ತೇಲುವ ಶಕ್ತಿ ಅಷ್ಟು ಕಡಿಮೆ ಇತ್ತು. ಮಾಡೆಲೂ ಹಾಗೇ. ತಿರುಪಿ ಹಾಕುವ ಮುಚ್ಚಳ, ಎರಡು ಓ-ರಿಂಗ್ (ನೀರು ತಡೆಯುವ ರಬ್ಬರ್ ಉಂಗುರ), ಸ್ವಲ್ಪ ಸಿಲಿಕೋನ್ ಗ್ರೀಸ್. ಒಳಗೆ ಒಣ ಟಿಶ್ಯೂ ಇಟ್ಟು ರಾತ್ರಿಯಿಡೀ ಬಕೆಟ್ಟಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಟಿಶ್ಯೂ ಒಣಗಿಯೇ ಇದ್ದರೆ ಮಾತ್ರ ಎಲೆಕ್ಟ್ರಾನಿಕ್ಸ್ ಹಾಕಿ.