ಸಹಾಯ ಬೇಕು: ಒಂದೇ ರಿಫ್ ಎಷ್ಟು ಹಾಡುಗಳಲ್ಲಿದೆ?

ಎಲ್ಲರಿಗೂ ನಮಸ್ಕಾರ. ಅರವತ್ತರ ದಶಕದ ಬ್ರಿಟಿಷ್ ಬೀಟ್ ಗುಂಪುಗಳಲ್ಲಿ (ಬೀಟಲ್ಸ್ ತರಹದ ಗಿಟಾರ್-ಡ್ರಮ್ಸ್ ಪಾಪ್ ತಂಡಗಳು) ಒಂದು ಗಿಟಾರ್ ರಿಫ್, ಅಂದ್ರೆ ಹಾಡಿನಲ್ಲಿ ಮತ್ತೆ ಮತ್ತೆ ಬರೋ ಚಿಕ್ಕ ಸ್ವರಗುಚ್ಛ, ಹಾಡಿನಿಂದ ಹಾಡಿಗೆ ಹೇಗೆ ದಾಟುತ್ತೆ ಅಂತ ಕೆಲವು ತಿಂಗಳಿಂದ ಕೂತು ಕೇಳ್ತಾ ಇದ್ದೀನಿ.

ಶುರುವಾಗಿದ್ದು ಬೀಟಲ್ಸ್‌ನ 'ಐ ಫೀಲ್ ಫೈನ್' (1964) ಇಂದ. ಅದರ ರಿಫ್‌ನ ಮೂಲ ಅಮೆರಿಕದ ಬ್ಲೂಸ್ (ಅಲ್ಲಿನ ಕಪ್ಪು ಜನರಲ್ಲಿ ಹುಟ್ಟಿದ ಸಂಗೀತ) ಗಾಯಕ ಬಾಬಿ ಪಾರ್ಕರ್ ಅವರ 'ವಾಚ್ ಯುವರ್ ಸ್ಟೆಪ್' (1961). ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ, ಮೈ ಜುಮ್ಮೆನ್ನುತ್ತೆ! ಮಾರನೇ ವರ್ಷದ 'ಡೇ ಟ್ರಿಪ್ಪರ್' ಕೂಡ ಅದೇ ಬಳ್ಳಿಯದು. ಕದ್ದದ್ದು ಅಂತ ಕೆಲವರು ಅಂತಾರೆ, ನಾನು ಒಪ್ಪಲ್ಲ. ಬ್ಲೂಸ್‌ನಲ್ಲಿ ಹೀಗೆ ಕೈಯಿಂದ ಕೈಗೆ ಬರೋದೇ ರೂಢಿ. ಇನ್ನು ಕಿಂಕ್ಸ್ ಅನ್ನೋ ಬ್ರಿಟಿಷ್ ಗುಂಪು ತಮ್ಮದೇ 'ಯು ರಿಯಲಿ ಗಾಟ್ ಮಿ' (1964) ರಿಫ್‌ನ ಅಚ್ಚನ್ನು ಅದೇ ವರ್ಷ 'ಆಲ್ ಡೇ ಅಂಡ್ ಆಲ್ ಆಫ್ ದ ನೈಟ್'ನಲ್ಲಿ ಮತ್ತೆ ಬಳಸಿದರು.

ಇನ್ನೊಂದು ಬ್ರಿಟಿಷ್ ಗುಂಪು ಸರ್ಚರ್ಸ್‌ನ 'ನೀಡಲ್ಸ್ ಅಂಡ್ ಪಿನ್ಸ್' ರಿಫ್ ಅಮೆರಿಕಕ್ಕೆ ಹೋಗಿ ಅಲ್ಲಿನ ಬರ್ಡ್ಸ್ ಗುಂಪಿನ ಹಾಡಿನಲ್ಲಿ ಕಾಣಿಸ್ಕೊಳ್ತು. ಬರ್ಡ್ಸ್‌ನ ಇನ್ನೊಂದು ರಿಫ್ 1965ರಲ್ಲಿ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಅವರ 'ಇಫ್ ಐ ನೀಡೆಡ್ ಸಮ್‌ಒನ್'ಗೆ ಬಂತು.

ಪಾರ್ಕರ್ ರಿಫ್‌ನ ನೆರಳಿರೋ ಬೇರೆ ಬೀಟ್ ಹಾಡುಗಳು ಗೊತ್ತಿದ್ರೆ ದಯವಿಟ್ಟು ತಿಳಿಸಿ. ಇನ್ನೊಂದು: 'ಐ ಫೀಲ್ ಫೈನ್' ರಿಫ್ ಡಿ ಕಾರ್ಡ್‌ನಿಂದ (ಕಾರ್ಡ್ ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳು) ಸಿ, ಅಲ್ಲಿಂದ ಜಿ ಗೆ ಇಳಿಯುತ್ತಲ್ಲ, ಹತ್ತನೇ ಫ್ರೆಟ್‌ನಲ್ಲಿ (ಗಿಟಾರ್ ಕತ್ತಿನ ಮೇಲಿನ ಲೋಹದ ಪಟ್ಟಿ) ಬಾರ್ ಹಿಡಿದು, ಅಂದ್ರೆ ತೋರುಬೆರಳನ್ನು ಎಲ್ಲ ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ, ಕಿರುಬೆರಳು ಚಾಚಿದ್ರೆ ಕೆಳಗಿನ ತಂತಿಗಳು ಸರಿಯಾಗಿ ನುಡಿಯದೆ ಸತ್ತುಹೋಗ್ತವೆ. ನುಡಿಸೋರು ಯಾರಾದ್ರೂ ಇದ್ರೆ, ಬೆರಳು ಹೇಗೆ ಇಡ್ತೀರಿ? ಚಿಕ್ಕ ವಿಡಿಯೋ ಹಾಕಿದ್ರೂ ತುಂಬಾ ಉಪಕಾರ.