ಬಿಬಿಸಿ ಮೈಕ್ರೋ ಓಎಸ್ 1.20: ಪ್ರತಿ ಸಲ ಡಂಪ್ ತೆಗೆದಾಗಲೂ ಸಿಆರ್‌ಸಿ ಬೇರೆ ಬರ್ತಿದೆ

ತೀರ್ಥಹಳ್ಳಿ (ಪ್ರಶ್ನೆ)

ಯಂತ್ರ 1980ರ ದಶಕದ ಕಂಪ್ಯೂಟರ್ ಬಿಬಿಸಿ ಮೈಕ್ರೋ ಮಾಡೆಲ್ ಬಿ, 40 ಟ್ರ್ಯಾಕ್ ಡಿಸ್ಕ್ ಡ್ರೈವ್, ಡಿಎಫ್‌ಎಸ್ (ಡಿಸ್ಕ್ ನೋಡಿಕೊಳ್ಳುವ ತಂತ್ರಾಂಶ) ಇದೆ. ಆವೃತ್ತಿ ಕೇಳುವ ಆದೇಶ ಸ್ಟಾರ್ ಎಫ್‌ಎಕ್ಸ್ 0 ಕೊಟ್ಟರೆ ಓಎಸ್ 1.20 ಅಂತ ಬರುತ್ತೆ. ಓಎಸ್ ರೋಮ್ (ಯಂತ್ರದ ಮೂಲ ತಂತ್ರಾಂಶ ಇರುವ, ಓದಲು ಮಾತ್ರ ಬರುವ ಚಿಪ್) ಫೈಲಾಗಿ ಉಳಿಸಿಕೊಳ್ಳಲು, ಅಂದರೆ ಡಂಪ್ ತೆಗೆಯಲು, ಸ್ಟಾರ್ ಸೇವ್ ಕೊಟ್ಟು ಸಿ000ದಿಂದ +4000 ಅಂತ ಹಾಕಿದೆ (ವಿಳಾಸ, ಉದ್ದ ಹೆಕ್ಸ್‌ನಲ್ಲಿ, ಅಂದರೆ 16ರ ಎಣಿಕೆಯಲ್ಲಿ). ನಾಲ್ಕು ಸಲ ತೆಗೆದರೆ ನಾಲ್ಕೂ ಫೈಲ್ 16384 ಬೈಟ್, ಆದರೆ ಸಿಆರ್‌ಸಿ (ಫೈಲಿನ ಬೈಟುಗಳಿಂದ ಲೆಕ್ಕಹಾಕುವ ತಾಳೆ ಸಂಖ್ಯೆ) ನಾಲ್ಕೂ ಬೇರೆ. ಒಂದು ಸಲ ಸೇವ್ ಆಗುವಾಗಲೇ ಯಂತ್ರ ನಿಂತುಹೋಯ್ತು. ಚಿಪ್ ಕೆಟ್ಟಿದೆಯಾ? ಇನ್ನೊಂದು: ಬೇಸಿಕ್ ಭಾಷೆಯ ರೋಮ್ ಬೇಕು ಅಂತ 8000ದಿಂದ ಸೇವ್ ಮಾಡಿದರೆ ಫೈಲಿನಲ್ಲಿ ಡಿಎಫ್‌ಎಸ್ ಬಂದು ಕೂತಿದೆ.

ಸಾಗರ

ಚಿಪ್ ಕೆಟ್ಟಿಲ್ಲ ಮಾರಾಯ್ರೆ, ಇನ್ನೂ ಅದನ್ನು ಕೀಳಬೇಡಿ. ಓಎಸ್ ರೋಮ್ ಸಿ000ದಿಂದ ಎಫ್‌ಎಫ್‌ಎಫ್‌ಎಫ್‌ವರೆಗೆ ಇದೆ ನಿಜ, ಆದರೆ ನಡುವೆ ಎಫ್‌ಸಿ00ದಿಂದ ಎಫ್‌ಇಎಫ್‌ಎಫ್‌ವರೆಗಿನ 768 ಬೈಟ್‌ಗಳಲ್ಲಿ ಪ್ರೊಸೆಸರ್‌ಗೆ ಕಾಣುವುದು ರೋಮ್ ಅಲ್ಲ, ಹಾರ್ಡ್‌ವೇರ್. ಫ್ರೆಡ್, ಜಿಮ್, ಶೀಲಾ ಅಂತ ಕರೆಯುವ ಮೂರು ಪುಟಗಳು ಅವೇ. ಮೊದಲ ಎರಡು 1 ಮೆಗಾಹರ್ಟ್ಸ್ ಬಸ್‌ಗೆ (ಹೊರಗಿನ ಸಾಧನ ಜೋಡಿಸುವ ದಾರಿ) ಮೀಸಲು. ಅಲ್ಲಿ ಏನೂ ಜೋಡಿಸದಿದ್ದರೆ ಬಸ್ಸಿನಲ್ಲಿ ಉಳಿದ ಬೆಲೆ ಏನಿರುತ್ತೋ ಅದೇ ಬರುತ್ತೆ. ಶೀಲಾದಲ್ಲಿ 6522 ಚಿಪ್‌ಗಳು (ಟೈಮರ್, ಇನ್‌ಪುಟ್-ಔಟ್‌ಪುಟ್ ನೋಡಿಕೊಳ್ಳುವವು), ವಿಡಿಯೋ, 8271 ಡಿಸ್ಕ್ ಕಂಟ್ರೋಲರ್ ಎಲ್ಲ ಇವೆ. ಎಫ್‌ಇ44ರಲ್ಲಿರುವ ಟೈಮರ್ ಸದಾ ಓಡುತ್ತಲೇ ಇರುತ್ತೆ, ಎರಡು ಸಲ ಓದಿದರೆ ಎರಡು ಬೆಲೆ. ಸಾಲದ್ದಕ್ಕೆ ಅದನ್ನು ಓದಿದೊಡನೆ ಅದರ ಇಂಟರಪ್ಟ್ (ಪ್ರೊಸೆಸರ್‌ನ ಗಮನ ಸೆಳೆಯುವ ಸೂಚನೆ) ಗುರುತೂ ಅಳಿಸಿಹೋಗುತ್ತೆ. ಡಿಸ್ಕಿಗೆ ಬರೆಯುತ್ತಿರುವಾಗಲೇ 8271ರ ರಿಜಿಸ್ಟರ್ ಓದಿದರೆ ಸೇವ್ ನಿಂತುಹೋಗುವುದರಲ್ಲಿ ಆಶ್ಚರ್ಯ ಇಲ್ಲ.

ಎರಡು ಡಂಪನ್ನು ಬೈಟ್ ಬೈಟ್ ಹೋಲಿಸಿ ನೋಡಿ. ವ್ಯತ್ಯಾಸ ಫೈಲಿನ 15360ರಿಂದ 16127ರೊಳಗೆ ಮಾತ್ರ ಇದ್ದರೆ ಕಾರಣ ಇದೇ. ಅದರ ಹೊರಗೆ ಒಂದೇ ಒಂದು ಬೈಟ್ ಬದಲಾದರೂ ಆಗ ಚಿಪ್, ಸಾಕೆಟ್, ಡಿಸ್ಕ್ ಮೇಲೆ ಅನುಮಾನ ಪಡಬೇಕು. ಯಂತ್ರದಿಂದಲೇ ತೆಗೆಯುವುದಾದರೆ ಎರಡು ತುಂಡು ಮಾಡಿ: ಸಿ000ದಿಂದ +3ಸಿ00, ಆಮೇಲೆ ಎಫ್‌ಎಫ್00ದಿಂದ +100. ಇವೆರಡರ ಸಿಆರ್‌ಸಿ ಪ್ರತಿ ಸಲ ಒಂದೇ ಬರಬೇಕು.

ಬೇಸಿಕ್ ವಿಚಾರ: 8000ದಿಂದ ಬಿಎಫ್‌ಎಫ್‌ಎಫ್‌ವರೆಗಿನ ಕಿಟಕಿಯಲ್ಲಿ ಒಂದು ಹೊತ್ತಿಗೆ ಒಂದೇ ರೋಮ್ ಕಾಣುತ್ತೆ. ಸೇವ್ ಮಾಡುವ ಕೆಲಸ ಡಿಎಫ್‌ಎಸ್‌ನದು, ಹಾಗಾಗಿ ಆ ಹೊತ್ತಿಗೆ ಕಿಟಕಿಯಲ್ಲಿ ಅದೇ ಇರುತ್ತೆ. ಕಡಿಮೆ ಮೆಮೊರಿ ತಿನ್ನುವ ಪರದೆ ವಿಧಾನವಾದ ಮೋಡ್ 7ಕ್ಕೆ ಹೋಗಿ, ಹೈಮೆಮ್ (ಬೇಸಿಕ್ ಬಳಸುವ ಮೆಮೊರಿಯ ಮೇಲಿನ ಗಡಿ) ಅನ್ನು ಹೆಕ್ಸ್ 3000ಕ್ಕೆ ಇಳಿಸಿ, ಫಾರ್ ಲೂಪಿನಲ್ಲಿ 4 ಬೈಟ್‌ನಂತೆ 8000ದಿಂದ 3000ಕ್ಕೆ ನಕಲು ಮಾಡಿ. ಲೂಪ್ ಓಡಿಸುತ್ತಿರುವುದು ಬೇಸಿಕ್, ಹಾಗಾಗಿ ಸಿಗುವುದೂ ಬೇಸಿಕ್ಕೇ. ನಂತರ 3000ದಿಂದ +4000 ಸೇವ್ ಮಾಡಿ.

ತೀರ್ಥಹಳ್ಳಿ

ಹೋಲಿಸಿದೆ, ವ್ಯತ್ಯಾಸ ಎಲ್ಲ ಆ 768 ಬೈಟಿನೊಳಗೇ ಇದೆ. ಬೇಸಿಕ್ ಕೂಡ ಸರಿಯಾಗಿ ಬಂತು. ಆದರೆ ಸಂಗ್ರಹಕ್ಕೆ ಪೂರ್ತಿ 16384 ಬೈಟೂ ಬೇಕಲ್ಲ ಸಾರ್. ಮರೆಯಲ್ಲಿರುವ ಭಾಗದಲ್ಲಿ ಏನಾದರೂ ಇದೆಯಾ?

ಶಿವಮೊಗ್ಗ

ಇದೆ, ಅದಕ್ಕೇ ಬಿಡಬಾರದು. 1.20ರಲ್ಲಿ ಆ ಜಾಗದಲ್ಲಿ ಯಂತ್ರ ತಯಾರಿಸಿದ ಏಕಾರ್ನ್ ಕಂಪನಿಯ 1981ರ ಹಕ್ಕುಸ್ವಾಮ್ಯದ ಸಾಲು, ಅದರ ಹಿಂದೆಯೇ ಯಂತ್ರ ರೂಪಿಸಲು ನೆರವಾದವರ ಹೆಸರುಗಳು, ಕೃತಜ್ಞತೆ ಸಮೇತ ಇವೆ. ಪ್ರೊಸೆಸರ್‌ಗೆ ಹೇಗೂ ಕಾಣದ ಜಾಗ ಅಂತ ಅಲ್ಲಿ ಬರೆದಿಟ್ಟಿದ್ದಾರೆ. ಚಿಪ್ ತೆಗೆದು ಪ್ರೋಗ್ರಾಮರ್‌ನಲ್ಲಿ (ಚಿಪ್ ಓದುವ, ಬರೆಯುವ ಉಪಕರಣ) ಓದಿದರೆ ಸಿಗುತ್ತೆ.

‘ಫಿಕ್ಸ್’ ಅಂತ ಗುರುತಿರುವ ನಾಲ್ಕು ತಿರುಪು ಬಿಚ್ಚಿ, ಕೀಬೋರ್ಡ್ ಎತ್ತಿ. ಬಲಗಡೆ ಐದು ರೋಮ್ ಸಾಕೆಟ್. ಓಎಸ್ ಇರುವುದು ಐಸಿ51ರಲ್ಲಿ. ತೆಗೆಯುವ ಮೊದಲು ಕಚ್ಚು ಯಾವ ಕಡೆ ಇದೆ ಅಂತ ಫೋಟೋ ತೆಗೆದುಕೊಳ್ಳಿ. ಎರಡೂ ತುದಿಯಿಂದ ಸ್ವಲ್ಪ ಸ್ವಲ್ಪವೇ ಎತ್ತಿ, ಒಂದೇ ಕಡೆಯಿಂದ ಮೀಟಿದರೆ ಕೊನೆಯ ಕಾಲು ಮಡಚಿಕೊಳ್ಳುತ್ತೆ. ಪ್ರೋಗ್ರಾಮರ್‌ನಲ್ಲಿ ಚಿಪ್ ವಿಧ 27128 ಆರಿಸಿ, ಐಡಿ (ಚಿಪ್‌ನ ಗುರುತು ಸಂಖ್ಯೆ) ಪರೀಕ್ಷೆಯನ್ನು ಕಡ್ಡಾಯವಾಗಿ ಆಫ್ ಮಾಡಿ. ಐಡಿ ಓದಲು ಅದು 24ನೇ ಕಾಲಿಗೆ ಸುಮಾರು 12 ವೋಲ್ಟ್ ಕೊಡುತ್ತೆ. ಕಾರ್ಖಾನೆಯಲ್ಲೇ ಅಚ್ಚಾದ ಮಾಸ್ಕ್ ರೋಮ್ ಅದನ್ನು ತಡೆಯುವಂತೆ ಮಾಡಿದ್ದಲ್ಲ.

ತೀರ್ಥಹಳ್ಳಿ

ಮೂರು ಸಲ ಓದಿದೆ. ಮೂರರಲ್ಲೂ ಅಲ್ಲಲ್ಲಿ ವ್ಯತ್ಯಾಸ, ಈಗ ಇಡೀ ಫೈಲಿನಲ್ಲಿ ಹರಡಿದೆ. ಗಮನಿಸಿದ್ದು: ತಪ್ಪಿದ ಪ್ರತಿ ಬೈಟಿನಲ್ಲೂ ವ್ಯತ್ಯಾಸ ಹೆಕ್ಸ್ 20 ಮಾತ್ರ. ಕಾಲುಗಳೆಲ್ಲ ಕಪ್ಪಗಿವೆ.

ಶಿವಮೊಗ್ಗ

ಹೆಕ್ಸ್ 20 ಅಂದರೆ ಬಿಟ್ 5, ಅಂದರೆ 17ನೇ ಕಾಲು. ಆ ಒಂದು ಕಾಲು ಸರಿಯಾಗಿ ತಾಗುತ್ತಿಲ್ಲ. ಕಪ್ಪು ಬಣ್ಣ ಬೆಳ್ಳಿ ಲೇಪ ಕಂದಿದ್ದು, ನಮ್ಮ ಕಡೆಯ ಥಂಡಿಗೆ ಬೇಗ ಆಗುತ್ತೆ. ಮರಳು ಕಾಗದ ಬೇಡ, ಲೇಪವೇ ಎದ್ದುಹೋಗುತ್ತೆ. ಪೆನ್ಸಿಲ್ ರಬ್ಬರಿನಿಂದ ಕಾಲಿನ ಎರಡೂ ಮುಖ ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಉಜ್ಜಿ, 99% ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಓದಿ.

ಒಂದು ಎಚ್ಚರಿಕೆ: ಹಳೆಯ ಕಪ್ಪು ಫೋಮಿಗೆ ಚುಚ್ಚಿಟ್ಟ ಚಿಪ್‌ಗಳಿದ್ದರೆ ಇವತ್ತೇ ತೆಗೆದುಬಿಡಿ. ಆ ಫೋಮ್ ಪುಡಿಯಾಗಿ, ಥಂಡಿ ಹೀರಿ ಕಾಲುಗಳನ್ನು ತಿನ್ನುತ್ತೆ.

ತೀರ್ಥಹಳ್ಳಿ

ಆಯ್ತು. ಒಂದರ ಹಿಂದೊಂದು ಐದು ಸಲ ಓದಿದೆ, ಐದೂ ಒಂದೇ. 15360ರಿಂದ ಹೆಸರುಗಳ ಸಾಲು ಸ್ಪಷ್ಟವಾಗಿ ಓದಬಹುದು. ಯಂತ್ರದಿಂದ ತೆಗೆದ ಎರಡು ತುಂಡೂ ಇದರೊಂದಿಗೆ ತಾಳೆಯಾದವು.

ಸಾಗರ

ಫೈಲಿನ ಜೊತೆ ಚಿಪ್ ಮೇಲಿನ ಅಕ್ಷರಗಳು, ತಯಾರಿಕೆಯ ವಾರ (8432 ಅಂತಿದ್ದರೆ 1984ರ 32ನೇ ವಾರ), ಸಾಕೆಟ್ ಸಂಖ್ಯೆ, ಬೋರ್ಡಿನ ಇಶ್ಯೂ (ಆವೃತ್ತಿ) ಸಂಖ್ಯೆ ಬರೆದಿಡಿ. ಶಾಲೆಗಳಿಗೆ ಕಂಪ್ಯೂಟರ್ ಕೊಟ್ಟ ಭಾರತ ಸರ್ಕಾರದ 1984ರ ಕ್ಲಾಸ್ ಯೋಜನೆಯಲ್ಲಿ ನಮ್ಮ ಶಾಲೆಗಳಿಗೆ ಬಂದದ್ದು ಬಿಬಿಸಿ ಮೈಕ್ರೋಗಳೇ. ಪರದೆಯ ಮೇಲೆ 1.20 ಅಂತ ಬಂದ ಮಾತ್ರಕ್ಕೆ ಒಳಗಿನ ಬೈಟುಗಳೂ ಅವೇ ಅಂತ ನಂಬಬೇಡಿ, ಪ್ರತಿ ಯಂತ್ರದ್ದೂ ಬೇರೆಯಾಗಿ ಓದಿ ಇಡಿ.

ಯಂತ್ರ ಮುಚ್ಚುವ ಮೊದಲು ಪವರ್ ಸಪ್ಲೈ ಕೂಡ ನೋಡಿ. ಮೇನ್ಸ್ ಬದಿಯ 0.1 ಮತ್ತು 0.01 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗಳ ಪಾರದರ್ಶಕ ಕವಚದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಒಳಗಿನ ಕಾಗದ ತೇವ ಎಳೆದಿರುತ್ತೆ. ಮಳೆಗಾಲದಲ್ಲಿ ಹೊಗೆ ಬರುವುದು ಅಲ್ಲಿಂದಲೇ. ಎಕ್ಸ್2 ದರ್ಜೆಯ (ಮೇನ್ಸ್‌ಗೆ ಹೊಂದುವ) ಫಿಲ್ಮ್ ಕೆಪಾಸಿಟರ್ ಹಾಕುವವರೆಗೆ ಕರೆಂಟ್ ಕೊಡಬೇಡಿ.