ಕರೆಂಟ್ ಹೋದರೂ ವೈಫೈ ಇರಬೇಕು: ನೀವೇನು ಮಾಡಿದ್ದೀರಿ?

ಫೈಬರ್ ಸಂಪರ್ಕ. ಗೋಡೆ ಮೇಲೊಂದು ಓಎನ್‌ಟಿ (ಫೈಬರ್ ಬಂದು ಸೇರೋ ಪೆಟ್ಟಿಗೆ), ಕೆಳಗೆ ರೌಟರ್. ಕರೆಂಟ್ ಹೋದರೆ ಲ್ಯಾಪ್‌ಟಾಪ್ ನಡೆಯುತ್ತೆ, ನೆಟ್ ಇರಲ್ಲ. ಎರಡು ಗಂಟೆ ನೆಟ್ ಉಳಿದರೆ ಸಾಕು. ಬಳಸಿ ನೋಡಿದವರು ಹೇಳಿ.

— ನಮ್ಮಲ್ಲಿರೋದು ರೌಟರ್‌ಗೆ ಅಂತಲೇ ಬರೋ ಮಿನಿ ಯುಪಿಎಸ್. ಕೊಳ್ಳೋ ಮುಂಚೆ ಎರಡೂ ಅಡಾಪ್ಟರ್ ಮೇಲಿನ ಔಟ್‌ಪುಟ್ ಓದಿಕೊಳ್ಳಿ. ಬಹುತೇಕ 12 ವೋಲ್ಟ್ ಇರುತ್ತೆ, 9 ಅಥವಾ 5 ಇರೋದೂ ಉಂಟು. ಇನ್ನು ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಹಾಕಿರೋ ಎಂಎಎಚ್ (ಬ್ಯಾಟರಿ ಸಾಮರ್ಥ್ಯದ ಅಂಕಿ) ನೋಡಿ ಮರುಳಾಗಬೇಡಿ. 10,000 ಎಂಎಎಚ್ ಅಂದರೆ ಸಾಮಾನ್ಯವಾಗಿ ಒಳಗಿನ 3.7 ವೋಲ್ಟ್ ಸೆಲ್‌ಗಳ ಲೆಕ್ಕ, ಅಂದರೆ 37 ವ್ಯಾಟ್-ಅವರ್ (ಬ್ಯಾಟರಿಯಲ್ಲಿರೋ ಒಟ್ಟು ಶಕ್ತಿ). 12 ವೋಲ್ಟ್‌ಗೆ ಏರಿಸೋವಾಗ ಒಂದಿಷ್ಟು ಸೋರಿ ಕೈಗೆ ಸಿಗೋದು 30ರ ಆಸುಪಾಸು. ಎರಡೂ ಪೆಟ್ಟಿಗೆ ಸೇರಿ 12 ವ್ಯಾಟ್ ಎಳೆದರೆ ಎರಡೂವರೆ ಗಂಟೆ. ಅದೂ ಬ್ಯಾಟರಿ ಹೊಸದಿರುವಾಗ. ವರ್ಷ ಕಳೆದಂತೆ ಇಳಿಯುತ್ತೆ, ಹಾಗಾಗಿ ಬೇಕಾದ್ದಕ್ಕಿಂತ ಒಂದು ಸೈಜ್ ದೊಡ್ಡದೇ ತಗೊಳ್ಳಿ.

— ರೌಟರ್‌ಗೆ ಮಾತ್ರ ಕೊಟ್ಟರೆ ವೈಫೈ ಚಿಹ್ನೆ ಕಾಣುತ್ತೆ, ನೆಟ್ ಬರಲ್ಲ. ಓಎನ್‌ಟಿಗೂ ಕೊಡಲೇಬೇಕು.

— ಮನೆಯಲ್ಲಿ ಹಳೇ ಕಂಪ್ಯೂಟರ್ ಯುಪಿಎಸ್ ಬಿದ್ದಿದ್ದರೆ ಅದೂ ಆಗುತ್ತೆ. 12 ವೋಲ್ಟ್ 7 ಎಎಚ್ ಬ್ಯಾಟರಿ ಕಾಗದದ ಮೇಲೆ 84 ವ್ಯಾಟ್-ಅವರ್, ಆದರೆ ಡಿಸಿಯನ್ನು ಎಸಿ ಮಾಡಿ, ಅಡಾಪ್ಟರ್ ಮತ್ತೆ ಡಿಸಿ ಮಾಡೋ ಸುತ್ತಾಟದಲ್ಲಿ ಸಾಕಷ್ಟು ಹಾಳು. ಮೇಲಿಂದ ಆ ಕೀಂ ಕೀಂ ಸದ್ದು. ರಾತ್ರಿ ಹೊತ್ತು ಕೇಳೋಕಾಗಲ್ಲ.

— ಪವರ್ ಬ್ಯಾಂಕ್‌ಗೆ 12 ವೋಲ್ಟ್ ಕೇಬಲ್ ಸಿಕ್ಕಿಸಿ ಓಡಿಸ್ತಾ ಇದ್ದೀನಿ, ಅಗ್ಗ. ಕರೆಂಟ್ ಹೋದಾಗ, ಬಂದಾಗ ಕೆಲವು ಪವರ್ ಬ್ಯಾಂಕ್ ಒಂದು ಕ್ಷಣ ಔಟ್‌ಪುಟ್ ಕಟ್ ಮಾಡುತ್ತವೆ. ಕ್ಷಣವೇ ಆದರೂ ರೌಟರ್ ಮೊದಲಿಂದ ಬೂಟ್ ಆಗುತ್ತೆ. ಪಿನ್ ಅಳತೆಯನ್ನೂ ನೋಡಿಕೊಳ್ಳಿ: ಹೊರಸುತ್ತು 5.5 ಮಿ.ಮೀ. ಒಂದೇ ಇದ್ದರೂ ಒಳಗಿನ ತೂತು 2.1 ಮತ್ತು 2.5 ಅಂತ ಎರಡು ಬಗೆ. ಪ್ಲಸ್-ಮೈನಸ್ ತಿರುಗಿದರೆ ರೌಟರ್ ಸುಡಬಹುದು.

— ಎಲ್ಲಕ್ಕಿಂತ ಮೊದಲು, ಕರೆಂಟ್ ಹೋದಾಗ ಓಎನ್‌ಟಿಯನ್ನು ಯಾವುದಾದರೂ ಇನ್ವರ್ಟರ್‌ಗೆ ಹಾಕಿ ಅದರ ಮೇಲಿನ ಪಾನ್ (PON) ದೀಪ, ಅಂದರೆ ಫೈಬರ್ ಸಿಗ್ನಲ್ ಬರ್ತಿದೆ ಅಂತ ತೋರಿಸೋ ದೀಪ, ಉರಿಯುತ್ತಾ ನೋಡಿ. ಫೈಬರ್ ದಾರಿಯಲ್ಲಿ ಸಿಗ್ನಲ್ಲನ್ನು ಹಲವು ಮನೆಗೆ ಹಂಚೋ ಸ್ಪ್ಲಿಟರ್‌ಗೆ ಕರೆಂಟ್ ಬೇಡ, ಆದರೆ ಮಧ್ಯೆ ಎಲ್ಲೋ ಕರೆಂಟಲ್ಲಿ ನಡೆಯೋ ನೆಟ್‌ವರ್ಕ್ ಸ್ವಿಚ್ ಇಟ್ಟಿದ್ದು ಅದಕ್ಕೆ ಬ್ಯಾಕಪ್ ಇಲ್ಲದಿದ್ದರೆ ನಿಮ್ಮ ಯುಪಿಎಸ್ ಏನೂ ಮಾಡಲ್ಲ.

(ಕೇಳಿದವರು) ಓದಿ ನೋಡಿದೆ. ಓಎನ್‌ಟಿ 12 ವೋಲ್ಟ್ 0.5 ಆಂಪಿಯರ್, ರೌಟರ್ 12 ವೋಲ್ಟ್ 1.5. ಎರಡು ಔಟ್‌ಪುಟ್ ಇರೋ ಮಿನಿ ಯುಪಿಎಸ್ ಸಾಕಾ?

— ಸಾಕು. ಎರಡೂ ಔಟ್‌ಪುಟ್ ಸೇರಿ 2 ಆಂಪಿಯರ್ ಕೊಡುತ್ತಾ ಅಂತ ಕೇಳಿಯೇ ತಗೊಳ್ಳಿ. ಕೆಲವದರಲ್ಲಿ ಬರೆದಿರೋದು ಒಂದೊಂದರ ಮಿತಿ ಮಾತ್ರ.